ಸೋಗು ಹಾಕಿದವ ಓ ಅನ್ನಬಾರದು

ಮೊನ್ನೆ ಸುಣ್ಣ ಹೊಡೆಸಲು ಒಳಕೋಣೆಯ ಗೋಡೆಯಿಂದ ನನ್ನ ಹಳೇ ಫೋಟೊ ಇಳಿಸಿದಾಗ ಮೊಮ್ಮಗಳು ಕೇಳಿದಳು: "ಮುತ್ಯಾ, ಇದು ಯಾವ ಸೋಗು? ಕರೀ ಗೌನು ಹಾಕ್ಕೊಂಡು ಬಾಯಿ ಯಾಕ ತೆರದೀರಿ?"

ಸೋಗು ಅಂದರೆ ನಮ್ಮ ಮನೂರ್ ಕಡೆ ಬರೀ ವೇಷ ಅಲ್ಲರೀ, ಅದಕ್ಕೊಂದು ಕಟ್ಟಳೆ ಇದೆ. ಕುರಿ ಕಾಯುವ ನಮ್ಮಪ್ಪ ಹರಕೆ ಹೊತ್ತು ಪ್ರತಿ ಮೊಹರಮ್ಮಿಗೆ ಹುಲಿ ಸೋಗು ಹಾಕುತ್ತಿದ್ದ. ಮೈಗೆ ಬಣ್ಣ ಬಿತ್ತೆಂದರೆ, ಅದನ್ನು ತೊಳೆಯುವ ತನಕ ಯಾರು ಹೆಸರು ಹಿಡಿದು ಕೂಗಿದರೂ ಓ ಅನ್ನುವಂತಿಲ್ಲ. ಅವ್ವ ಬೇಕಂತಲೇ ಕೂಗುತ್ತಿದ್ದಳು. ಹುಲಿ ಮೀಸೆಯಲ್ಲೇ ನಗುತ್ತಿತ್ತು, ಓ ಅನ್ನುತ್ತಿರಲಿಲ್ಲ.

ನಾನು ಜಹೀರಾಬಾದಿನಲ್ಲಿ ಕಾಲೇಜು ಸೇರಿದ ಮೇಲೆ ಆ ಸೋಗು ಅನ್ನುವ ಮಾತು ನನ್ನ ಬೆನ್ನು ಹತ್ತಿತು. ಪ್ಯಾಂಟು ಹಾಕಿಕೊಂಡು ಊರಲ್ಲಿ ಬಸ್ಸಿಳಿದರೆ ಸಾಕು, ಕಟ್ಟೆಯ ಮೇಲೆ ಕೂತವರು, "ಬರ್ರಿ ಸಾಹೇಬ್ರ! ಕುರಿ ಕಾಯೋನ ಮಗ ಸೋಗು ಚಲೋ ಹಾಕ್ಯಾನ!" ಅನ್ನುವರು. ನಾನೂ ನಗುತ್ತಿದ್ದೆ. ಇಂಗ್ಲಿಷಿನಲ್ಲಿ ಎರಡು ಸಲ ನಪಾಸಾದಾಗ ಮಾತ್ರ, ಅವರು ಅನ್ನೋದೇ ಖರೆ ಇರಬೇಕು ಅನ್ನಿಸಿಬಿಟ್ಟಿತು.

ಮೂರನೇ ಸಲಕ್ಕೆ ಬಿ.ಎ. ಪಾಸಾದೆ. ನಮ್ಮ ಮನೆತನದಲ್ಲಿ ನಾನೇ ಮೊದಲನೆಯವ. ಇದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ.

ಅಪ್ಪ ಫೋಟೊ ತೆಗೆಸಲು ಜಹೀರಾಬಾದಿಗೆ ಬಂದ. ಸ್ಟುಡಿಯೋದ ಮೊಳೆಗೆ ಒಂದೇ ಒಂದು ಗೌನು. ಪಾಸಾದವರು, ಆಗದವರು, ಎಲ್ಲರೂ ಅದನ್ನೇ ತೊಟ್ಟು ಫೋಟೊ ತೆಗೆಸಿಕೊಳ್ಳುವರು. ತೊಟ್ಟೆ. ಯಾರದೋ ಬೆವರು, ಯಾರದೋ ತಲೆಯೆಣ್ಣೆಯ ವಾಸನೆ. ಕನ್ನಡಿ ನೋಡಿದೆ, ಕಟ್ಟೆಯವರ ನಗು ಕೇಳಿಸಿದಂತಾಗಿ ಬಿಚ್ಚತೊಡಗಿದೆ.

"ಯಾಕೋ ತಮ್ಮಾ?"

"ಬ್ಯಾಡಪ್ಪಾ. ಇದೂ ಸೋಗೇ ಆತು."

ಅಪ್ಪ ಗೌನಿನ ಹೆಗಲು ಸರಿಮಾಡಿ, ಕ್ಯಾಮೆರಾದ ಪಕ್ಕ ಹೋಗಿ ನಿಂತ. ದೂರದ ಮಂದೆಯನ್ನು ಕರೆಯುವ ದನಿಯಲ್ಲಿ ನನ್ನ ಹೆಸರು ಹಿಡಿದು ಕೂಗಿದ.

"ಓ!" ಅಂದೆ. ಅಷ್ಟೊತ್ತಿಗೆ ಫೋಟೊದವ ಬಟನ್ ಒತ್ತಿಬಿಟ್ಟಿದ್ದ.

"ಬಾಯಿ ತೆರದು ಕೆಡಿಸಿಬಿಟ್ರಲ್ರಿ! ಇನ್ನೊಂದು ತೆಗಿತೀನಿ," ಅಂದ ಅವ.

"ಬ್ಯಾಡ್ರಿ, ಇದೇ ಇರಲಿ," ಅಂದ ಅಪ್ಪ. "ಓ ಅಂದಾನ ನೋಡ್ರಿ. ಸೋಗು ಹಾಕಿದವ ಓ ಅಂತಾನೇನ್ರಿ?"

ಫೋಟೊ ಕೈಗೆ ಬಂದ ಮೇಲೆ ಅದನ್ನೇ ಎದೆಗವಚಿಕೊಂಡು ಊರಿಗೆ ಹೋಗಿ, ಕಟ್ಟೆಯ ಮೇಲೆ ಒಬ್ಬೊಬ್ಬರ ಕೈಗೂ ಕೊಟ್ಟ. ನನಗೋ ಆ ತೆರೆದ ಬಾಯಿಯದೇ ನಾಚಿಕೆ. ಅದಕ್ಕೇ ಇಷ್ಟು ವರ್ಷ ಅದು ಒಳಕೋಣೆಯಲ್ಲಿತ್ತು.

ಸುಣ್ಣ ಆರಿದ ಮೇಲೆ ಪಡಸಾಲೆಯಲ್ಲಿ, ಬಾಗಿಲಿಗೆ ಎದುರಾಗಿ ಮೊಳೆ ಹೊಡೆಸಿ ಅದನ್ನು ತೂಗುಹಾಕಿದೆ. ಕತೆಯನ್ನೆಲ್ಲ ಕೇಳಿದ್ದ ಮೊಮ್ಮಗಳು ಹೊಸ್ತಿಲಲ್ಲಿ ನಿಂತು, ಮುತ್ಯಾ ಅನ್ನುವುದು ಬಿಟ್ಟು ನನ್ನ ಹೆಸರು ಹಿಡಿದು, ಬಿ.ಎ. ಸಮೇತ ಕೂಗಿದಳು. ಸೊಸೆ ಒಳಗಿನಿಂದ, "ಏ, ಹಿರಿಯರ ಹೆಸರು ಹಿಡದು ಹಂಗ ಕರೀತಾರೇನ?" ಅಂತ ಗದರಿದಳು.

ಅವಳ ಗದರಿಕೆ ಮುಗಿಯುವ ಮೊದಲೇ, ಇಡೀ ಓಣಿಗೆ ಕೇಳುವಂತೆ ನಾನು "ಓ!" ಅಂದಿದ್ದೆ.