ಸ್ಟುಡಿಯೋದವರು ಅಳಿಸಿದ ಮೃಗಶಿರ

ಮೊನ್ನೆ ಸೊಸೆ ಉಪ್ಪಿನಕಾಯಿಗೆಂದು ವಿನಿಗರ್ ಬಾಟಲಿಯ ಮುಚ್ಚಳ ತೆಗೆದಳು. ಆ ಹುಳಿ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಹೊಳೆನರಸೀಪುರದ ಫೋಟೊ ಸ್ಟುಡಿಯೋದಲ್ಲಿದ್ದೆ... ಫೋಟೊ ತೊಳೆಯುವ ಡಾರ್ಕ್‌ರೂಮಿನ ಪರದೆ ಸರಿಸಿ ಸ್ಟುಡಿಯೋ ಯಜಮಾನರು ಈಚೆ ಬಂದರೆ ಇದೇ ವಾಸನೆ.

ಅರವತ್ತರ ದಶಕದ ಆರಂಭ. ಹೆಣ್ಣುಮಕ್ಕಳ ಶಾಲೆಗೆ ವಿಜ್ಞಾನದ ಟೀಚರಾಗಿ ಆಗಷ್ಟೇ ಸೇರಿದ್ದೆ. ವಸ್ತುಪ್ರದರ್ಶನಕ್ಕೆ ನಾನೇ ತೆಗೆದ ನಕ್ಷತ್ರದ ಫೋಟೊ ಇಡುತ್ತೇನೆಂದು ಎಲ್ಲರೆದುರು ಜಂಬ ಕೊಚ್ಚಿದ್ದೆ. ಹೆಡ್‌ಮಾಸ್ಟರು ನಕ್ಕುಬಿಟ್ಟರು. ನನಗೆ ಹಟ ಬಂತು. ಚಳಿಗಾಲದ ಒಂದು ಸಂಜೆ ಅಣ್ಣನ ಕ್ಯಾಮೆರಾವನ್ನು ತಾರಸಿಯಲ್ಲಿ ಇಟ್ಟಿಗೆಗಳ ನಡುವೆ ನಿಲ್ಲಿಸಿ, ಮೂರು ಚುಕ್ಕಿ ಸಾಲಾಗಿರುವ ಮೃಗಶಿರದ ಕಡೆಗೆ ಬಹಳ ಹೊತ್ತು ತೆರೆದಿಟ್ಟೆ.

ಪ್ರದರ್ಶನದ ಹಿಂದಿನ ದಿನ ಸಂಜೆ ಯಜಮಾನರು ಫೋಟೊ ಕೈಗಿತ್ತರು. ಕಪ್ಪೋ ಕಪ್ಪು! ಒಂದು ಚುಕ್ಕಿಯೂ ಇಲ್ಲ.

“ತುಂಬಾ ಗೀರು ಬಿದ್ಬುಟ್ಟಿತ್ತು ಕಣಮ್ಮ. ಮಸಿ ಕುಂಚ ಹಿಡ್ಕಂಡು ಒಂದೂ ಬಿಡ್ದಂಗೆ ಮುಚ್ಚಿವ್ನಿ” ಎಂದರು ಹೆಮ್ಮೆಯಿಂದ.

“ಅಯ್ಯೋ ಯಜಮಾನ್ರೇ, ಅವು ಗೀರಲ್ಲ, ನಕ್ಷತ್ರ! ಭೂಮಿ ತಿರುಗೋದಕ್ಕೆ ಗೀಟಾಗಿ ಬಿದ್ದಿವೆ!”

ನನಗೆ ಅಳುವೇ ಬಂತು. ಅವರು ಇಂಗು ತಿಂದ ಮಂಗನ ಹಾಗೆ ನಿಂತರು.

ಪುಣ್ಯಕ್ಕೆ ಫಿಲಂ ಹಾಗೇ ಇತ್ತು. ಆಗಲೇ ಇನ್ನೊಂದು ಪ್ರಿಂಟ್ ಹಾಕಿಕೊಟ್ಟರು. ಆದರೆ ಅದರಲ್ಲಿ ನಿಜವಾದ ಗೀರುಗಳೂ ಇದ್ದವಲ್ಲ! ಯಾವುದು ಗೀರು, ಯಾವುದು ನಕ್ಷತ್ರ ಎಂದು ತಿಳಿಯಲು ಹಸಿ ಫೋಟೊ ಹಿಡಿದು ಇಬ್ಬರೂ ಬೀದಿಗಿಳಿದೆವು. ನಾನು ಆಕಾಶ ತೋರಿಸುವುದು, ಅವರು ಬಾಗಿಲ ದೀಪದಲ್ಲಿ ಫೋಟೊದೊಳಗೆ ಹುಡುಕುವುದು. ಸಾಲಾಗಿ ಮೂರು ಸಿಕ್ಕಿದ್ದೇ “ಇಲ್ಲೈತೆ ಕಣಮ್ಮ!” ಎಂದು ಕುಣಿದರು. ಪಕ್ಕದ ಕೆಂಪು ನಕ್ಷತ್ರ ಆರಿದ್ರೆ ಎಂದೆ.

“ಆರಿದ್ರೆ ಮಳೆ ಅಂತೀವಲ್ಲ, ಅದೇಯಾ? ಮಳೇಲಿ ನೆಂದಿದ್ದೇ ಬಂತು, ಇವತ್ತೇ ಕಣಮ್ಮ ಮೊಕ ನೋಡಿದ್ದು!”

ಮಾರನೆಯ ದಿನ ಇಸ್ತ್ರಿ ಮಾಡಿದ ಕೋಟು ತೊಟ್ಟು ಬಂದು ಫೋಟೊದ ಪಕ್ಕವೇ ನಿಂತರು. ನನಗೆ ಬಾಯಿ ತೆರೆಯಲು ಬಿಡಲಿಲ್ಲ. ಹೆಡ್‌ಮಾಸ್ಟರು ಬಗ್ಗಿ ನೋಡಿ “ಗೀರು ಬಿದ್ದಿದೆಯಲ್ಲ” ಎಂದದ್ದೇ, “ಗೀರಲ್ಲ ಸಾ, ನಕ್ಷತ್ರ!” ಎಂದು ಯಜಮಾನರು ಗುಡುಗಿದರು. ನಕ್ಕು ನಕ್ಕು ನನಗೆ ಹೊಟ್ಟೆ ಹುಣ್ಣಾಯಿತು.

ಆಮೇಲೆ ಅವರು ಯಾರ ಫೋಟೊದಲ್ಲೂ ಕೇಳದೆ ಏನನ್ನೂ ಅಳಿಸುತ್ತಿರಲಿಲ್ಲ. ನನ್ನ ಮದುವೆಯ ಫೋಟೊ ತೊಳೆಯುವಾಗಲೂ, “ಕೆನ್ನೆ ಮ್ಯಾಲಿನ ಸಿಡುಬಿನ ಕಲೆ ಇರ್ಲಾ, ಮುಚ್ಲಾ?” ಎಂದು ಮೆಲ್ಲಗೆ ಕೇಳಿದ್ದರು. ಇರಲಿ ಬಿಡಿ ಎಂದೆ.

ಅವರು ಹೋಗಿ ಎಷ್ಟು ವರ್ಷವಾಯಿತೋ... ಸ್ಟುಡಿಯೋ ಕೂಡ ಉಳಿದಿಲ್ಲ. ನೆನೆದರೆ ಸಂಕಟವಾಗುತ್ತದೆ. ನಿನ್ನೆ ಮೊಮ್ಮಗಳು ಮೊಬೈಲಿನಲ್ಲಿ ನನ್ನ ಫೋಟೊ ತೆಗೆದು ತೋರಿಸಿದಳು. ಕಲೆಯೇ ಇಲ್ಲ, ಕೆನ್ನೆ ಬೆಣ್ಣೆಯ ಹಾಗೆ ನುಣ್ಣಗಿತ್ತು.

“ಒಂದು ಮಾತು ಕೇಳಬಾರದಿತ್ತೇನೇ?” ಎಂದೆ.