ಮರಳಕ್ಕ ಮತ್ತು ತೊಟ್ಟಿಕ್ಕುವ ನಲ್ಲಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬೆಕ್ಕುಗಳ ಆಶ್ರಯಧಾಮದ ಹಿಂದಿನ ಕೋಣೆಯಲ್ಲಿ ಮರಳಕ್ಕ ಮಂಡಿಯೂರಿ ಕೂತು, ತೂತಿನ ಸಲಿಕೆಯಲ್ಲಿ ಟ್ರೇಗಳ ಮರಳು ಜರಡಿ ಹಿಡಿಯುತ್ತಿದ್ದಾರೆ. ಬೆಕ್ಕು ಉಚ್ಚೆ ಹೊಯ್ದರೆ ಈ ಮರಳು ಉಂಡೆ ಕಟ್ಟುತ್ತದೆ. ಮೂಲೆಯ ಟ್ರೇಯಲ್ಲಿ ಇವತ್ತು ಉಂಡೆಯೇ ಇಲ್ಲ.

"ಯಾಕೋ ಯಜಮಾನ, ರಾತ್ರಿಯೆಲ್ಲಾ ಏನೂ ಮಾಡಿಲ್ವಲ್ಲೋ?" ದನಿಯಲ್ಲಿ ಗದರಿಕೆ ಇದೆ, ಕೈ ಮಾತ್ರ ಅದೇ ಟ್ರೇಯನ್ನು ಮತ್ತೊಮ್ಮೆ ಕೆದಕುತ್ತಿದೆ.

ಯಜಮಾನ ಎಂದರೆ ಕಿವಿ ಹರಿದ, ಡೊಳ್ಳುಹೊಟ್ಟೆಯ ಹಳದಿ ಗಂಡು ಬೆಕ್ಕು. ಮೂಲೆಯ ಟ್ರೇ ಅವನೊಬ್ಬನದೇ. ಅವನಿಗೆ ಈಗಾಗಲೇ ಎರಡು ಸಲ ಮೂತ್ರ ಕಟ್ಟಿದೆ. ಗಂಡು ಬೆಕ್ಕಿನ ಮೂತ್ರನಾಳ ತೀರಾ ಸಪೂರ. ಹರಳು ಸಿಕ್ಕಿಕೊಂಡರೆ ಜೀವಕ್ಕೇ ಸಂಚಕಾರ. ಮೂರನೇ ಸಲ ಆದರೆ ಉಳಿಸುವುದು ಕಷ್ಟ ಎಂದು ಇಲ್ಲಿನ ಬೆಕ್ಕುಗಳನ್ನು ನೋಡುವ ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ.

ಆ ಮೂರನೇ ಸಲ ಬಾರದಂತೆ ಕಾಯುವುದೇ ಮರಳಕ್ಕನ ಅಸಲಿ ಕೆಲಸ. ಮೊದಲು ಆಸ್ಪತ್ರೆಯಲ್ಲಿ ನೆಲ ಒರೆಸುತ್ತಿದ್ದವರು, ಮಂಡಿನೋವೆಂದು ಅದನ್ನು ಬಿಟ್ಟು ಇಲ್ಲಿಗೆ ಬಂದರು. ಮಂಡಿಗೆ ಇಲ್ಲೂ ಬಿಡುವಿಲ್ಲ. ಮೂವತ್ತು ಬೆಕ್ಕುಗಳ ಟ್ರೇಗಳನ್ನು ದಿನಕ್ಕೆರಡು ಹೊತ್ತು ಶುಚಿ ಮಾಡುತ್ತಾರೆ. ಊಟಕ್ಕೆ ನೀರು ಬೆರೆಸಿ ತೆಳ್ಳಗೆ ಕಲೆಸುತ್ತಾರೆ. ನೀರಿನ ಬಟ್ಟಲುಗಳನ್ನು ಊಟದಿಂದ ದೂರ, ಕಿಟಕಿಯ ಕೆಳಗೆ, ಮೆಟ್ಟಿಲ ಮೇಲೆ ಇಡುತ್ತಾರೆ. ಜಗಳಗಂಟರನ್ನು ಬೇರೆ ಕೋಣೆಗೆ ಹಾಕುತ್ತಾರೆ, ಹೆದರಿದ ಬೆಕ್ಕು ಟ್ರೇ ಹತ್ತಿರವೇ ಸುಳಿಯುವುದಿಲ್ಲವಲ್ಲ.

"ಇಷ್ಟೆಲ್ಲಾ ಮಾಡಿ ನಾನು ಕಾಯೋದು ಉಚ್ಚೆಗೆ. ನಮ್ಮ ಸೊಸೆ, ಬೀಗರ ಮುಂದೆ ಮಾತ್ರ ಇದನ್ನ ಹೇಳ್ಬೇಡಿ ಅತ್ತೆ ಅಂತಾಳೆ," ಎಂದು ಬೇರೆ ದಿನವಾದರೆ ನಗುತ್ತಾರೆ.

ಇವತ್ತು ನಗುವಿಲ್ಲ. ಮರಳಕ್ಕ ಕರೆದ ಕೂಡಲೇ ಎದುರು ಮನೆಯ ಡಾಕ್ಟರಮ್ಮ ನಿದ್ದೆಗಣ್ಣಿನಲ್ಲೇ ಬಂದು ಯಜಮಾನನ ಹೊಟ್ಟೆ ಮುಟ್ಟಿ ನೋಡುತ್ತಾರೆ. "ಸದ್ಯ, ಕಟ್ಟಿಲ್ಲ ಅಕ್ಕ. ಆದ್ರೆ ಇವನು ನೀರೇ ಕುಡಿದಿಲ್ಲ. ಹೀಗೇ ಬಿಟ್ರೆ ಕಟ್ಟುತ್ತೆ."

ಆಗ ಮರಳಕ್ಕನಿಗೆ ಕೋಣೆಯಲ್ಲಿ ಏನೋ ಒಂದು ಸದ್ದು ಕಡಿಮೆಯಾಗಿರುವುದು ತಿಳಿಯುತ್ತದೆ. ಮೂಲೆಯ ನಲ್ಲಿಯ ತೊಟ್ಟಿಕ್ಕುವ ಸದ್ದು ನಿಂತಿದೆ. ಬಟ್ಟಲಿಗೆ ಮೂತಿಯನ್ನೇ ಇಡದ ಯಜಮಾನ ಕುಡಿಯುತ್ತಿದ್ದುದು ಆ ನಲ್ಲಿಯ ಹನಿಗಳನ್ನು. ಮರಳಕ್ಕನ ಗಂಡ ನಲ್ಲಿ ರಿಪೇರಿಯವರು. ನಿನ್ನೆ ಸಂಜೆ ಹೆಂಡತಿಯನ್ನು ಕರೆದೊಯ್ಯಲು ಬಂದಿದ್ದರು. ಸೋರುವ ನಲ್ಲಿ ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ.

ಫೋನು ಹಚ್ಚುತ್ತಾರೆ. "ರೀ, ನಿನ್ನೆ ನಲ್ಲಿ ಮುಟ್ಟಿದ್ರಾ?"

"ಹೂಂ ಕಣೇ, ಸೋರ್ತಿತ್ತು, ಸರಿ ಮಾಡ್ದೆ."

"ಬಂದು ಕೆಡಿಸಿ."

ಗಂಡ ಬರುವಷ್ಟರಲ್ಲಿ ಮರಳಕ್ಕ ತಾವೇ ತಿರುಗಿಸಿ ನೋಡುತ್ತಾರೆ. ಹೊಸ ವಾಷರ್ ಬಿಗಿ. ತಿರುಗಿಸಿದರೆ ಧಾರೆ, ಇಲ್ಲದಿದ್ದರೆ ಬಂದ್. ಧಾರೆಗೆ ಯಜಮಾನ ಹೆದರಿ ಓಡುತ್ತಾನೆ. ಗಂಡ ಸೈಕಲ್ಲಿನಲ್ಲಿ ಏದುಸಿರು ಬಿಡುತ್ತಾ ಬರುತ್ತಾರೆ. ಹಳೆಯ ವಾಷರ್ ಪುಣ್ಯಕ್ಕೆ ಚೀಲದಲ್ಲೇ ಇದೆ. "ಇಷ್ಟು ವರ್ಷದಲ್ಲಿ ನಲ್ಲಿ ಕೆಡಿಸೋಕೆ ಕರೆದವಳು ಇವಳೊಬ್ಬಳೇ," ಎಂದು ಗೊಣಗುತ್ತಲೇ ಅದನ್ನು ಹಾಕಿ, ಕೆಳಗೊಂದು ಬಕೆಟ್ ಇಡುತ್ತಾರೆ.

ತೊಟ್ಟು ಬೀಳುತ್ತದೆ. ಯಜಮಾನ ಬಿಗುಮಾನದಿಂದ ಬಂದು ನಾಲಿಗೆ ಚಾಚುತ್ತಾನೆ. ಗಂಡ ಹೆಂಡತಿ ಇಬ್ಬರೂ ಬಗ್ಗಿ ನೋಡುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಮೂಲೆಯ ಟ್ರೇಯಲ್ಲಿ ಮರಳು ಕೆರೆದ ಸದ್ದಾಗುತ್ತದೆ. ಮರಳಕ್ಕ ಸಲಿಕೆಯಲ್ಲಿ ದೊಡ್ಡ ಉಂಡೆಯೊಂದನ್ನು ಎತ್ತಿ ಗಂಡನಿಗೆ ತೋರಿಸುತ್ತಾರೆ. ಕಣ್ಣು ತುಂಬಿದೆ.

"ಇವನು ಮುದುಕನಾಗಿ, ಒಂದಿನ ನಿದ್ದೆಯಲ್ಲೇ ಹೋಗ್ಬೇಕು ರೀ. ನೋವಲ್ಲಿ ಹೋಗ್ಬಾರ್ದು. ಅಲ್ಲಿವರೆಗೂ ಆ ನಲ್ಲಿ ಮುಟ್ಬೇಡಿ."