ಹುಸೇನ್ ಸಾಹೇಬರು ಕೇಳಿದ ಕೊಬ್ಬಿನ ಪ್ರಶ್ನೆ

2003ರಲ್ಲಿ ನಾನು ಮಾಚೇನಹಳ್ಳಿಯ ಒಂದು ರಸ್ಕ್ ಕಾರ್ಖಾನೆಯಲ್ಲಿ ಕ್ವಾಲಿಟಿ ಕಂಟ್ರೋಲ್ ಕೆಮಿಸ್ಟ್ ಆಗಿದ್ದೆ. ಹೆಸರಿಗೆ ದೊಡ್ಡ ಹುದ್ದೆ. ಲ್ಯಾಬ್ ಎಂದರೆ ಮೈದಾ ಗೋದಾಮಿನ ಹಿಂದಿನ ಒಂದು ಕೋಣೆ, ಅದರಲ್ಲಿ ನಾನೊಬ್ಬಳೇ. ಪ್ಯಾಕಿಂಗ್ ಹೆಂಗಸರ ಜೊತೆ ಬುತ್ತಿ ಬಿಚ್ಚಿದಾಗ ಮಾತ್ರ ನಾಲ್ಕು ಮಾತು, ನಗು. ಅದಕ್ಕಾಗಿ ಬೆಳಗಿನಿಂದ ಕಾಯುತ್ತಿದ್ದೆ.

ರಂಜಾನ್ ಹತ್ತಿರವಿತ್ತು. ಭದ್ರಾವತಿಯಲ್ಲಿ ನಮ್ಮ ರಸ್ಕ್ ಮಾರುತ್ತಿದ್ದ ಹುಸೇನ್ ಸಾಹೇಬರು ಬಂದು ಪ್ಯಾಕೆಟ್ಟಿನ ಮೇಲಿನ ‘ಎಮಲ್ಸಿಫೈಯರ್ 471’ ತೋರಿಸಿದರು.

“ಮೇಡಂ, ಇದು ಹಲಾಲಾ? ಜನ ನನ್ನ ಮಾತು ನಂಬ್ಕೊಂಡು ಸಂಜೆ ಇದನ್ನ ತಿಂದು ರೋಜಾ ಉಪವಾಸ ಬಿಡ್ತಾರೆ.”

ಎಮಲ್ಸಿಫೈಯರ್ ಎಂದರೆ ಎಣ್ಣೆ, ನೀರು ಬೇರೆಯಾಗದಂತೆ ಹಿಡಿದಿಡುವ ಪದಾರ್ಥ. 471ನ್ನು ತಾಳೆ ಎಣ್ಣೆಯಿಂದಲೂ ಮಾಡುತ್ತಾರೆ, ದನದ, ಹಂದಿಯ ಕೊಬ್ಬಿನಿಂದಲೂ ಮಾಡುತ್ತಾರೆ. ಹಂದಿಯದಾದರೆ ಹರಾಮ್, ದನದ್ದಾದರೂ ಹಲಾಲ್ ಮಾಡಿದ್ದಾಗಿರಬೇಕು. ಮಾಡಿ ಮುಗಿದ ಮೇಲೆ ಎಲ್ಲವೂ ಒಂದೇ ಬಿಳಿ ಪುಡಿ. ನನ್ನ ಲ್ಯಾಬಿನ ಯಾವ ಟೆಸ್ಟೂ ಅದರ ಮೂಲ ಹೇಳುತ್ತಿರಲಿಲ್ಲ. ಸಪ್ಲೈಯರ್‌ಗೆ ಫೋನ್ ಮಾಡಿದರೆ ಅವನೂ ಕೈಚೆಲ್ಲಿದ.

ವಿಷಯ ಹೇಳಲು ಹೋದಾಗ ಮಾಲೀಕರು ಹಣೆತುಂಬ ವಿಭೂತಿ ಹಚ್ಚಿಕೊಂಡು, ಚಹಾದಲ್ಲಿ ನಮ್ಮದೇ ರಸ್ಕ್ ಅದ್ದುತ್ತಾ ಕೂತಿದ್ದರು.

“ವೆಜಿಟೇಬಲ್ ಎಣ್ಣೇದು ಅಂತ ಹೇಳಿ ಕಳ್ಸಮ್ಮ. ಯಾವನು ಬಂದು ನೋಡ್ತಾನೆ?”

ನನಗೆ ಮೈಯೆಲ್ಲ ಉರಿಯಿತು. “ದನದ ಕೊಬ್ಬಾಗಿದ್ರೆ ಸರ್? ಲಿಂಗಪೂಜೆ ಮುಗಿಸಿ ಬಂದು ನೀವೂ ಅದನ್ನೇ ತಿಂತಾ ಇದೀರಲ್ಲ!”

ಬಾಯಿಯ ಹತ್ತಿರ ಹೋಗಿದ್ದ ರಸ್ಕ್ ತಟ್ಟೆಗೆ ಇಳಿಯಿತು. ಮೂಲ ಖಚಿತವಾಗಿ ಹೇಳಬಲ್ಲ ಬೇರೆ ಸಪ್ಲೈಯರ್ ಸಿಗುವವರೆಗೆ ರಸ್ಕ್ ಲೈನನ್ನೇ ನಿಲ್ಲಿಸಿದರು. ಸಾಹೇಬರಿಗೆ “ನಂಗೆ ಗೊತ್ತಿಲ್ಲ” ಎಂದೆ. ಅವರು ಅಂಗಡಿಯಲ್ಲಿದ್ದ ಮಾಲೆಲ್ಲ ವಾಪಸ್ ತಂದಿಟ್ಟರು.

ಪ್ಯಾಕಿಂಗ್ ಹೆಂಗಸರಿಗೆ ಹಬ್ಬದ ಸೀಸನ್ನಿನ ಓವರ್‌ಟೈಮ್ ತಪ್ಪಿತು. ದಿನಾ ನನಗೆ ಪುಳಿಯೋಗರೆ ಬಡಿಸುತ್ತಿದ್ದ ಜನ್ನಾಪುರದ ಸೆಲ್ವಿಯೇ ಕೇಳಿದಳು: “ಬಾಯ್ ಮುಚ್ಕೊಂಡಿದ್ರೆ ನಿಮ್ ಗಂಟೇನ್ ಹೋಗ್ತಿತ್ತು ಮೇಡಂ?” ಬುತ್ತಿ ಎತ್ತಿಕೊಂಡು ಎದ್ದಳು. ಉಳಿದವರೂ ಎದ್ದರು. ಲ್ಯಾಬಿನ ಬಾಗಿಲು ಹಾಕಿಕೊಂಡು ಅತ್ತೆ.

ಹೊಸ ಸಪ್ಲೈಯರ್‌ನಿಂದ 471 ಬಂದಾಗ ರಂಜಾನ್ ಮುಗಿದಿತ್ತು. ತಯಾರಕರನ್ನೇ ವಿಚಾರಿಸಿ ನಾನು ಖಾತ್ರಿ ಮಾಡಿಕೊಂಡಿದ್ದೆ. ಸಾಹೇಬರು ಮತ್ತೆ ಬಂದು, ಮಾಲೀಕರನ್ನು ದಾಟಿ ನೇರ ಲ್ಯಾಬಿಗೇ ನಡೆದರು.

“ನೀವು ಹೇಳಿ ಮೇಡಂ. ಗೊತ್ತಿಲ್ದಿದ್ದಾಗ ಗೊತ್ತಿಲ್ಲ ಅಂದೋರು ನೀವೊಬ್ರೇ.”

“ತಾಳೆ ಎಣ್ಣೇದು ಸಾಹೇಬ್ರೇ. ಧೈರ್ಯವಾಗಿ ತಗೊಂಡ್ಹೋಗಿ.”

ಗೊತ್ತಿಲ್ಲ ಎನ್ನುವುದೂ ಒಂದು ರಿಪೋರ್ಟ್ ಎಂದು ಈ ಕೆಲಸ ನನಗೆ ಕಲಿಸಿತು. ಇವತ್ತು ಯಾರು ಕೇಳಿದರೂ ಅದೇ ಉತ್ತರ ಕೊಡುತ್ತೇನೆ. ಆದರೂ ಆಮೇಲೆ ನಾನು ಅಲ್ಲಿದ್ದ ಅಷ್ಟು ವರ್ಷಗಳಲ್ಲಿ ಸೆಲ್ವಿ ಒಂದೇ ಒಂದು ಸಲ “ಊಟ ಆಯ್ತಾ ಮೇಡಂ” ಅಂದಿದ್ದರೆ ಸಾಕಿತ್ತು.